ಕವರ್ ಚಿಕ್ಕಪ್ಪನ ಸೋಲಾರ್

ನಮ್ಮ ಚಿಕ್ಕಪ್ಪ ಟೈಲರ್. ಬೀದಿಗೆಲ್ಲ ಕವರ್ ಚಿಕ್ಕಪ್ಪ. ಅವರ ಮನೆಯಲ್ಲಿ ಮಿಕ್ಸಿಗೆ, ಟೀವಿಗೆ, ರಿಮೋಟಿಗೆ, ಕೊನೆಗೆ ಕವರುಗಳನ್ನಿಡುವ ಪೆಟ್ಟಿಗೆಗೂ ಒಂದು ಕವರು. ಹೊಸದು ಹೊಸದಾಗಿಯೇ ಇರಬೇಕೆಂಬ ಹಟ. ಅವನ್ನೆಲ್ಲ ಹೊಲಿದವಳು ಮಾತ್ರ ಚಿಕ್ಕಮ್ಮ, ಕಾಲಲ್ಲಿ ತುಳಿಯುವ ಮಿಷಿನ್ನಿನಲ್ಲಿ. ತುಳಿದು ತುಳಿದು ಮಂಡಿ ಸವೆದಿತ್ತು. ಅದಕ್ಕೆ ಯಾರೂ ಕವರು ಹಾಕಿರಲಿಲ್ಲ.

ಮಿಷಿನ್ನಿಗೊಂದು ಮೋಟಾರು ಹಾಕಿಸಿ ಎಂದಾಗಲೆಲ್ಲ ಚಿಕ್ಕಪ್ಪ ಕರೆಂಟ್ ಬಿಲ್ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅಷ್ಟರಲ್ಲಿ, ಮನೆ ಮೇಲೆ ಸೋಲಾರ್ ಹಾಕಿಸಿದರೆ ಅರ್ಧ ಖರ್ಚು ವಾಪಸ್ ಎಂದಿತು ಸರ್ಕಾರ.

"ಸಬ್ಸಿಡಿ ಕೈಗೆ ಬರ್ಲಿ, ಮಾರನೇ ದಿನವೇ ಮೋಟಾರು," ಎಂದು ಚಿಕ್ಕಪ್ಪ ಮಾತು ಕೊಟ್ಟರು. ಪ್ಯಾನೆಲ್‌ಗಳು ತಾರಸಿ ಏರಿದವು.

ಚಿಕ್ಕಪ್ಪನ ತಲೆಗೆ ಹುಳ ಹೊಕ್ಕಿದ್ದು ಪಕ್ಕದ ಮನೆಯಿಂದ. ತಪಾಸಣೆಗೆ ಬಂದ ಸಾಹೇಬರು ಅಲ್ಲಿನ ಪ್ಯಾನೆಲ್ ಮೇಲೆ ಕಾಗೆ ಹಿಕ್ಕೆ ಕಂಡು, ಶುಚಿಯಾಗಿಲ್ಲವೆಂದು ಅರ್ಜಿ ತಳ್ಳಿಹಾಕಿದರು. ಚಿಕ್ಕಪ್ಪ ಕೂಡಲೇ ಟೇಪು ಹಿಡಿದು ತಾರಸಿ ಹತ್ತಿ ಅಳತೆ ತೆಗೆದರು. ದಪ್ಪ ಕ್ಯಾನ್ವಾಸು, ಒಳಗೆ ಮೆತ್ತನೆ ಲೈನಿಂಗು, ಅಂಚಿಗೆ ಲಾಡಿ. ಹೊಲಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

"ಅಲ್ಲಾರೀ, ಬಿಸಿಲು ಬೀಳ್ದೆ ಕರೆಂಟ್ ಎಲ್ಲಿಂದ ಬರುತ್ತೆ?"

"ಬಿಸಿಲೇನು ಓಡಿಹೋಗಲ್ಲ ಕಣೇ. ಮೊದ್ಲು ಸಾಹೇಬ್ರು ನೋಡ್ಲಿ."

ಸಾಹೇಬರು ತಿಂಗಳುಗಟ್ಟಲೆ ಇತ್ತ ತಲೆ ಹಾಕಲಿಲ್ಲ. ಸೂರ್ಯ ದಿನಾ ಬಂದು ಕವರು ನೋಡಿಕೊಂಡು ಹೋದ.

ಕೊನೆಗೂ ಬಂದರು. ಚಿಕ್ಕಪ್ಪ ಲಾಡಿ ಬಿಚ್ಚಿದರೆ ಪ್ಯಾನೆಲ್ ಕನ್ನಡಿಯಂತೆ ಫಳಫಳ. ಸಾಹೇಬರು ಅದರಲ್ಲೇ ಬಗ್ಗಿ ತಲೆ ಬಾಚಿಕೊಂಡರು. ಸೋಲಾರ್ ಮೀಟರಿನಲ್ಲಿ ಮಾತ್ರ ಸೊನ್ನೆ.

"ಸಾರ್, ಇನ್ನೂ ಒಂದು ಚೂರೂ ಕರೆಂಟ್ ಬಂದಿಲ್ಲ," ಚಿಕ್ಕಮ್ಮ ಬಾಯಿಬಿಟ್ಟಳು. ಚಿಕ್ಕಪ್ಪ ಕಣ್ಣು ಕೆಂಪಗೆ ಮಾಡಿದರು.

"ಅದನ್ನ ಕೇಳಿ ಅಂತ ನಮಗೆ ಹೇಳಿಲ್ಲಮ್ಮ. ಶುಚಿಯಾಗಿದ್ಯಾ ಅಂತ ಅಷ್ಟೇ ನೋಡೋದು," ಎಂದ ಸಾಹೇಬರು ಅಲ್ಲೇ ಮಂಜೂರು ಮಾಡಿದರು. ಇಳಿಯುವಾಗ ಕವರನ್ನೊಮ್ಮೆ ಸವರಿ, "ನಮ್ಮ ಆಫೀಸಿನ ಪ್ಯಾನೆಲ್‌ಗೂ ಇಂಥದ್ದೇ ಹೊಲ್ದುಕೊಡಿ," ಎಂದರು.

ಸಬ್ಸಿಡಿ ಬಂತು. ಚಿಕ್ಕಪ್ಪ ಮಾತಿಗೆ ತಪ್ಪುವವರಲ್ಲ. ಮಾರನೇ ದಿನವೇ ಮೋಟಾರು ಕೂರಿಸಿದರು. ಚಿಕ್ಕಮ್ಮ ಆಸೆಯಿಂದ ಸ್ವಿಚ್ಚಿಗೆ ಕೈ ಹಾಕಿದಳು.

"ತಡಿಯೇ, ಧೂಳು ಕೂರುತ್ತೆ. ಮೊದ್ಲು ಇದಕ್ಕೊಂದು ಕವರ್ ಹೊಲಿ. ಅಲ್ಲೀವರೆಗೂ ಪೆಡಲ್ ತುಳಿ."

ಚಿಕ್ಕಮ್ಮ ಕತ್ತರಿ ಹಿಡಿದು, ಕುಂಟುತ್ತ ತಾರಸಿಗೆ ಹೋಗಿ ಪ್ಯಾನೆಲ್‌ನ ಕವರನ್ನು ಕರಕರ ಕತ್ತರಿಸಿ ತಂದಳು. ಹೊರಗೆ ನಡುಮಧ್ಯಾಹ್ನದ ಬಿಸಿಲು. ಸ್ವಿಚ್ಚು ಒತ್ತಿದಳು, ಮಿಷಿನ್ನು ತಾನಾಗಿ ಓಡಿತು.

"ಮೋಟಾರಿನ ಕವರಾ?" ಚಿಕ್ಕಪ್ಪ ಮೆಲ್ಲಗೆ ಕೇಳಿದರು.

ಚಿಕ್ಕಮ್ಮ ದಾರ ಕಡಿದು, ಮೆತ್ತನೆ ಲೈನಿಂಗು ಒಳಗೆ ಮಾಡಿ, ಅದನ್ನು ತನ್ನ ಮಂಡಿಗೆ ಸುತ್ತಿ ಲಾಡಿ ಬಿಗಿದಳು.