ಅವ್ವನಿಗೆ ಹಾಸಿದ ಹೂವಿನ ಹಾದಿ

ಬದುಕಿಡೀ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು ನಾನು. ಆದರೂ ಯಾರಾದರೂ ‘ಇದು ನಮ್ಮ ಸಂಸ್ಕೃತಿ, ಅದು ಅವರದು’ ಎಂದು ಗೆರೆ ಎಳೆದರೆ ನನಗೆ ತಲೆ ತಿರುಗುತ್ತದೆ. ಗೆರೆ ಎಳೆಯುವುದನ್ನೇ ಕಸುಬು ಮಾಡಿಕೊಂಡಿದ್ದವನಿಗೆ ಇದು ಶೋಭಿಸುವ ಮಾತಲ್ಲ, ನಿಜ. ಮೊದಲು ಇಷ್ಟು ತಿರುಗುತ್ತಿರಲಿಲ್ಲ. ಹೋದ ದೀಪಾವಳಿ ಮುಗಿದ ಮೇಲೆ ಬೈಲಹೊಂಗಲದ ನಮ್ಮ ಮನೆಗೆ ಲುಸಿಯಾ ಬಂದು ಹೋದಳಲ್ಲ, ಅಂದಿನಿಂದ ಹೆಚ್ಚಾಗಿದೆ.

ಲುಸಿಯಾ ಮೆಕ್ಸಿಕೋದವಳು. ಪುಣೆಯಲ್ಲಿರುವ ನನ್ನ ಅಣ್ಣನ ಮಗಳು ಸ್ಮಿತಾಳಿಗೆ ಸ್ಪ್ಯಾನಿಷ್ ಕಲಿಸುವಾಕೆ. ವಿದೇಶದವಳೆಂದರೆ ಬೆಳ್ಳಗೆ, ಉದ್ದಕ್ಕೆ ಇರುತ್ತಾಳೆಂದು ನಾವು ಕಾದಿದ್ದರೆ, ಸ್ಮಿತಾಳ ಜೊತೆ ಬಸ್ಸಿನಿಂದ ಇಳಿದವಳು ಸವದತ್ತಿ ಕಡೆಯ ನೆಂಟರ ಮನೆಯ ಹೆಣ್ಣುಮಗಳಂತಿದ್ದಳು. ಹೂ ಮಾರುವಾಕೆ ಸ್ಮಿತಾಳನ್ನು ಬಿಟ್ಟು ಇವಳನ್ನೇ, “ತಂಗಿ, ಹೂ ಒಯ್ಯವಾ,” ಎಂದು ಕೂಗಿದಳು.

ನಮ್ಮೊಂದಿಗೇ ಇರುವ ಅಕ್ಕ ಗಂಗಕ್ಕನ ಕಣ್ಣು ಮಾತ್ರ ಅವಳ ಕುಪ್ಪಸದ ಮೇಲಿತ್ತು. ಕಪ್ಪು ಬಟ್ಟೆಯ ತುಂಬ ಬಣ್ಣದ ದಾರದ ಹಕ್ಕಿ, ಹೂ. ಗಂಗಕ್ಕ ಕಸೂತಿ ಹಾಕುವವಳು. “ಇದು ನಮ್ಮ ಕಸೂತೀನ,” ಎಂದವಳೇ ಅಂಚು ಮಗುಚಿ ನೋಡಿದಳು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಇಲ್ಲಿ ಗಂಟಿತ್ತು.

“ಗಂಟ ಐತಿ. ನಮ್ದಲ್ಲ,” ಎಂದು ತೀರ್ಪು ಕೊಟ್ಟಳು. ಆಮೇಲೆ, “ಆದ್ರ ಭಾಳ ಚಂದ ಐತಿ ಬಿಡ್ರಿ,” ಎಂದಳು. ಅಂಚು ಮಾತ್ರ ಕೈಯಿಂದ ಬಿಡಲಿಲ್ಲ.

ಮರುದಿನ ಅವರ ನಾಡಿನಲ್ಲಿ ತೀರಿಕೊಂಡವರು ಮನೆಗೆ ಬರುವ ದಿನವಂತೆ. ನಮ್ಮ ಅವ್ವ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಅವಳಿಗಾಗಿ ಏನಾದರೂ ಮಾಡಲೇ ಎಂದು ಲುಸಿಯಾ ಸ್ಮಿತಾಳ ಮೂಲಕ ಕೇಳಿದಾಗ, ರಂಗೋಲಿ ಇರಬಹುದೆಂದು ನಾನು ಹೂಂ ಅಂದೆ. ಅವಳೂ ಸ್ಮಿತಾಳೂ ಚೆಂಡುಹೂ ಬಿಡಿಸಿ, ಹೊಸ್ತಿಲಿನಿಂದ ಅವ್ವನ ಫೋಟೋದವರೆಗೆ ಎಸಳು ಹಾಸಿದರು. ನಡುಮನೆಯಲ್ಲಿ ಕೇಸರಿ ಹಾದಿಯೊಂದು ಮೆಲ್ಲಗೆ ಬಳುಕಿಕೊಂಡು ಹೋಯಿತು. ನಾನು ಆ ಬಳುಕನ್ನೇ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಮಠಕ್ಕೆ ಹೋಗಿದ್ದ ಗಂಗಕ್ಕ ಬಂದಳು.

“ಏನಿದು?”

“ಅಜ್ಜಿಗೆ ಹಾದಿ, ಅತ್ತಿ. ಹೂವಿನ ವಾಸನಿ ಹಿಡದು ಬರತಾರಂತ,” ಎಂದಳು ಸ್ಮಿತಾ.

“ಅವ್ವ ಲಿಂಗೈಕ್ಯ ಆಗ್ಯಾಳ. ಶಿವನ ಕಡೆ ಹೋದಾಕಿನ್ನ ಹೊಳ್ಳಿ ಕರೀತಾರೇನು?” ನನ್ನ ಕಡೆ ತಿರುಗಿದಳು. “ತಮ್ಮಾ, ನೀನರ ಹೇಳಬಾರ್ದಾ?”

ಸಮಾಧಾನ ಮಾಡಲು ಹೋಗಿ ನಾನು ಪಾಂಡಿತ್ಯ ತೆಗೆದೆ. ಚೆಂಡುಹೂ ಮೂಲದಲ್ಲಿ ಅವರ ನಾಡಿನದೇ, ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು ಎಂದೆ.

“ಅಂದ್ರ ಇಷ್ಟ ದಿನ ನಮ್ಮ ದೇವರು ಮಂದಿ ಊರಿನ ಹೂ ಏರಿಸಿಕೊಂಡ್ರೇನು?” ಎಂದು ಗಂಗಕ್ಕ ಕಸಬರಿಗೆ ಹಿಡಿದಳು.

ಲುಸಿಯಾಳಿಗೆ ಮಾತು ತಿಳಿಯದಿದ್ದರೂ ಕಸಬರಿಗೆ ತಿಳಿಯಿತು. ಅವಳು ತಡೆಯಲಿಲ್ಲ. ಅವ್ವನ ಫೋಟೋದ ಪಕ್ಕದಲ್ಲಿ ತಾನಿಟ್ಟಿದ್ದ ಇನ್ನೊಂದು ಸಣ್ಣ ಫೋಟೋ ಎತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಳು.

“ಅದ್ಯಾರದು?” ಎಂದಳು ಗಂಗಕ್ಕ.

“ಅವರ ಅಜ್ಜಿ. ಸಾಕಿದಾಕಿ. ಈ ವರ್ಷ ತೀರಿಕೊಂಡ್ರು. ಇವರಿಗೆ ಮಣ್ಣಿಗೆ ಹೋಗಾಕ ಆಗಲಿಲ್ಲ,” ಎಂದಳು ಸ್ಮಿತಾ.

ಗಂಗಕ್ಕ ಬಗ್ಗಿ ನೋಡಿದಳು. ತಲೆಯ ಮೇಲೆ ಶಾಲು ಹೊದ್ದ ಮುದುಕಿ. ಬಹಳ ಹೊತ್ತು ನೋಡಿದಳು. ಕಸಬರಿಗೆ ಎಲ್ಲಿಟ್ಟಳೋ ನನಗೆ ಕಾಣಲಿಲ್ಲ. ಆಮೇಲೆ ಅವಳ ಕಣ್ಣು ಅವ್ವನ ಫೋಟೋದ ಮುಂದೆ ಲುಸಿಯಾ ಇಟ್ಟಿದ್ದ ತಾಟಿನ ಮೇಲೆ ಬಿತ್ತು.

“ಈ ಬ್ರೆಡ್ ಯಾರಿಗೆ?”

“ನಮ್ಮ ಅಜ್ಜಿಗೆ.”

“ಅವ್ವ ಬ್ರೆಡ್ ತಿಂತಿದ್ಳೇನು? ದವಾಖಾನ್ಯಾಗ ಕೊಟ್ಟಾಗ ಉಗಳಿದ್ಳು!” ಎಂದು ಸರ್ರನೆ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಲುಸಿಯಾ ಥಟ್ಟನೆ ತಲೆ ಎತ್ತಿದಳು. ಅವರ ಮನೆಯಲ್ಲಿ ಅಜ್ಜಿ ಮೆಕ್ಕೆಜೋಳದ ಹಿಟ್ಟನ್ನು ಹೀಗೇ ತಟ್ಟುತ್ತಿದ್ದಳಂತೆ. ಮಡಿಲಲ್ಲಿದ್ದ ಫೋಟೋವನ್ನು ಮತ್ತೆ ಅವ್ವನ ಪಕ್ಕದಲ್ಲಿಟ್ಟು, ಎದ್ದು ಹೋಗಿ ಗಂಗಕ್ಕನ ಪಕ್ಕ ಕುಳಿತು ಕೈ ಚಾಚಿದಳು. ಗಂಗಕ್ಕ ಹಿಟ್ಟಿನ ಉಂಡೆ ಕೊಟ್ಟಳು. ಲುಸಿಯಾ ತಟ್ಟಿದ ರೊಟ್ಟಿ ಅಂಗೈಯಗಲ ಇತ್ತು, ದಪ್ಪಗಿತ್ತು. ನಮ್ಮ ಮನೆಯ ಯಾವ ಸೊಸೆಗೂ ಸಿಗದ ರಿಯಾಯಿತಿಯಲ್ಲಿ ಅದು ಹಂಚಿಗೆ ಬಿತ್ತು. ಬೆನ್ನು ನನ್ನ ಕಡೆಗಿದ್ದುದರಿಂದ ಇಬ್ಬರಲ್ಲಿ ಯಾರು ಮೂಗು ಒರೆಸಿಕೊಂಡರೋ ಗೊತ್ತಾಗಲಿಲ್ಲ.

ಗಂಗಕ್ಕ ಎರಡು ತಾಟು ತಂದು ಎರಡೂ ಫೋಟೋಗಳ ಮುಂದಿಟ್ಟಳು. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಅವ್ವ ಬರೂದಿಲ್ಲ ಅಂದ್ಯಲ್ಲ?”

“ಬರೂದಿಲ್ಲ,” ಎಂದಳು ಖಚಿತವಾಗಿ. “ಆದ್ರ ಬಂದ್ರ ಹಸದು ಹೋಗಬಾರ್ದಲ್ಲ.”

ಆಮೇಲೆ ಕೆಂಪು ಚಟ್ನಿಯ ಚಮಚ ಎತ್ತಿ ಹಿಡಿದು ಸ್ಮಿತಾಳ ಕಡೆ ತಿರುಗಿದಳು: “ಆ ಅಜ್ಜಿಗೆ ಖಾರ ನಡೀತೈತೇನು, ಕೇಳವಾ.”