ಖಾಲಿ ಡ್ರಮ್ಮು, ಹಿತಕಿದ ಬೇಳೆ

ಇದು ಹೀಗೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಬೆಳಗ್ಗೆಯಿಂದ ನೆನೆದ ಅವರೆಕಾಳು ಹಿತಕಿ, ಸಿಪ್ಪೆ ಬಿಡಿಸಿ ಬೆರಳೆಲ್ಲ ಸೊಗಡು ವಾಸನೆ. ಇಂಥ ಬೆರಳು ಸೋಕಿದರೆ ನೆನಪಿಗೂ ಒಗ್ಗರಣೆ ಬೀಳುತ್ತದೆ. ನೀವು ಅರ್ಧ ಕಳೆದೇ ಓದಿಕೊಳ್ಳಿ.

ತೂಬಗೆರೆ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ನಾನಾಗ ಸಂಶೋಧನಾ ಸಹಾಯಕ. ಚಾವಣಿಗಳ ಮೇಲೆ ಸೋಲಾರ್, ಹಾಸ್ಟೆಲ್ ಅಡುಗೆಮನೆಗೆ ಬಯೋಗ್ಯಾಸ್ ಎಂದು ನಮ್ಮ ಪ್ರೊಫೆಸರ್ ಮೇಡಂ ಇಡೀ ಕ್ಯಾಂಪಸ್ಸಿಗೆ ಯೋಜನೆ ಹಾಕಿದ್ದರು. ಸೋಲಾರಿಗೆ ಬಿಸಿಲಿತ್ತು. ಗ್ಯಾಸಿಗೆ ಹುಡುಗರು ತಟ್ಟೆಯಲ್ಲಿ ಬಿಡುವ ಅನ್ನ ಬೇಕಿತ್ತು. ಒಂದು ವಾರ ಅದನ್ನು ತೂಗಿ ತೋರಿಸದಿದ್ದರೆ ಸಮಿತಿ ಗ್ಯಾಸನ್ನು ಕೈಬಿಡುತ್ತಿತ್ತು. ಮೇಡಂಗೋ, ನಿವೃತ್ತಿಯ ಮುಂಚೆ ಆ ಉರಿಯಲ್ಲಿ ಒಂದು ಲೋಟ ಟೀ ಕಾಯಿಸಿ ಕುಡಿಯಲೇಬೇಕೆಂಬ ಹಟ.

ಹಾಸ್ಟೆಲ್ಲಿನ ಊಟದ ಕೋಣೆಯ ಬಾಗಿಲಲ್ಲಿ ನಾನು ತಕ್ಕಡಿ, ಡ್ರಮ್ಮು ಇಟ್ಟೆ. ಹಿರಿಯ ಅಡುಗೆಯವರಾದ ನಂಜಪ್ಪನವರು ಅದನ್ನು ತಮ್ಮ ಕೈರುಚಿಗೆ ಒಡ್ಡಿದ ಪರೀಕ್ಷೆಯೆಂದೇ ತಿಳಿದರು. ಮರುದಿನದಿಂದ ನೀರು ಸಾರು ಮಾಯ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಮೇಲೊಂದಿಷ್ಟು ತುಪ್ಪ. ಹುಡುಗರು ತಟ್ಟೆ ನೆಕ್ಕಿಟ್ಟರು. ಡ್ರಮ್ಮಿಗೆ ಬಿದ್ದದ್ದು ಕರಿಬೇವಿನ ಎಲೆ. ಅದೂ ಬಹುಶಃ ನನ್ನದೇ.

ವಾರ ಮುಗಿಯುತ್ತ ಬಂದಾಗ ಮೇಡಂ ಅಡುಗೆಮನೆಗೇ ನುಗ್ಗಿದರು.

"ನಂಜಪ್ಪೋರೆ, ಎರಡು ದಿವ್ಸ ಸ್ವಲ್ಪ ಕೆಟ್ಟದಾಗಿ ಮಾಡ್ಬಿಡಿ."

"ಬೇಕಾದ್ರೆ ಕೆಲ್ಸ ಬಿಟ್ಟು ಹೋಗ್ತೀನಿ ಮೇಡಮ್ಮೋರೆ. ಸಾರು ಕೆಡ್ಸಾಕಾಗಲ್ಲ."

ಮೇಡಂ ಸಿಟ್ಟಿನಿಂದ ಹಿತ್ತಿಲ ಬಾಗಿಲು ದಾಟಿದರು, ಜಾರಿದರು, ಮೆತ್ತಗೆ ಕೂತರು. ಕೂತದ್ದು ಅವರೆ ಸಿಪ್ಪೆಯ ಗುಡ್ಡೆಯ ಮೇಲೆ. ವಾರವೆಲ್ಲ ನಾವು ತಟ್ಟೆಗಳನ್ನೇ ಇಣುಕಿದ್ದೆವು. ಇತ್ತ ಯಾರೂ ತಿರುಗಿ ನೋಡಿರಲಿಲ್ಲ. ನಂಜಪ್ಪನವರು ಗಾಬರಿಯಾಗಿ ಕೈ ಚಾಚಿದರೆ ಮೇಡಂ ಹಿಡಿಯಲಿಲ್ಲ. ಎರಡೂ ಕೈಯಿಂದ ಸಿಪ್ಪೆ ಬಾಚಿ ನೋಡುತ್ತಿದ್ದರು.

"ಲೋ, ಗ್ಯಾಸಿಗೆ ಇದೂ ಆಗತ್ತೆ, ತಕ್ಕಡಿ ತಗೊಂಬಾರೋ. ತೂಗೋ ತನಕ ನಾನು ಏಳಲ್ಲ."

ತೂಕದಲ್ಲಿ ಮೇಡಂ ಕೂಡ ಸೇರಿಹೋದರೆಂದು ನನ್ನ ನೆನಪು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಈಚೆಗೆ ಫೋನಿನಲ್ಲಿ ಕೇಳಿದರೆ, ತಾವು ಆ ಹಿತ್ತಿಲು ಕಂಡೇ ಇಲ್ಲವೆಂದರು ಮೇಡಂ. ತುಪ್ಪ ಹಾಕಿದ್ದಂತೂ ಶುದ್ಧ ಸುಳ್ಳೆಂದರು.

ಹಾಗಾಗಿ ಇವತ್ತಿನ ಸಿಪ್ಪೆಯನ್ನು ಕಸಕ್ಕೆ ಹಾಕಲು ಮನಸ್ಸಾಗದೆ, ಚೀಲದಲ್ಲಿ ತುಂಬಿಕೊಂಡು ಆ ಹಾಸ್ಟೆಲ್ ಹಿತ್ತಿಲಿಗೇ ಹೋಗಿಬಂದೆ. ಬಯೋಗ್ಯಾಸ್ ತೊಟ್ಟಿ ಇದೆ. ಅದರ ಮೇಲೆ ನಂಜಪ್ಪನವರು ಬರೆಸಿದ ಕೆಂಪಕ್ಷರವೂ ಹಾಗೇ ಇದೆ, ಕಣ್ಣಾರೆ ಓದಿದೆ: "ಸಿಪ್ಪೆ ಮಾತ್ರ. ಊಟ ಬಿಟ್ಟವರು ಇಲ್ಲಿಗೆ ತರಬೇಡಿ, ತಿಂದು ಬನ್ನಿ."