ಹಾಲು ನೀರಾಯಿತೆಂದು ಅತ್ತವಳು

ಹೋದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಶಾರದಾ ಮಗುವನ್ನು ಎದೆಯಿಂದ ಬಿಡಿಸಿ, ತೊಟ್ಟಿಲಿಗೆ ಹಾಕಿ, ಅತ್ತುಬಿಟ್ಟಳು.

"ನನ್ನ ಹಾಲು ನೀರಾಗೇತ್ರಿ. ಕೂಸಿಗೆ ಹೆಂಗ ಸಾಕಾಗಬೇಕು?"

ಮಗನಿಗಿನ್ನೂ ಎರಡು ತಿಂಗಳು. ಬಾಣಂತನಕ್ಕೆಂದು ಧಾರವಾಡದಿಂದ ಮುಂಬಯಿಯ ವಡಾಲದ ನಮ್ಮ ಒಂದೇ ಕೋಣೆಯ ಮನೆಗೆ ಬಂದಿರುವ ಅತ್ತೆ ವಾರದಿಂದ ಇದನ್ನೇ ಹೇಳುತ್ತಿದ್ದರು. ಮೊದಮೊದಲು ಹಳದಿ ಹಾಲು, ಈಗ ತೆಳ್ಳಗೆ, ನೀಲಿ ನೀಲಿ. "ಹಾಲು ಕೆಟ್ಟೈತಿ. ಡಬ್ಬಿ ತರ್ರಿ, ಅಳಿಯಂದ್ರ!"

ನಾನೇನು ಮಾಡಿದೆ? ಡಾಕ್ಟರನ್ನು ಕೇಳಿದೆನೆ? ಇಲ್ಲ. ಸ್ಟೇಷನ್ ಪಕ್ಕದ ಅಂಗಡಿಗೆ ಓಡಿ, ಗುಂಡು ಮಗುವಿನ ಚಿತ್ರವಿರುವ ಹಾಲಿನ ಪುಡಿಯ ಡಬ್ಬಿ ತಂದೆ. (ಗಂಡಸರಿಗೆ ಎಲ್ಲ ಕಷ್ಟಕ್ಕೂ ಅಂಗಡಿಯೇ ಔಷಧ.)

ಸ್ಟೋವಿನ ಮೇಲೆ ನೀರು ಕುದಿಯುತ್ತಿರುವಾಗ ಕೆಳಗಿನ ಮನೆಯ ಮೆಹರುನ್ನಿಸಾ ಬಂದಳು. ವಿಜಾಪುರದವಳು. ಪರೇಲಿನ ಒಂದು ಲ್ಯಾಬಿನಲ್ಲಿ ಕೆಲಸ. ಅಲ್ಲಿ ಎದೆಹಾಲನ್ನು ಪರೀಕ್ಷೆ ಮಾಡುತ್ತಾರೆ. ಬಾಣಂತಿಯರ ಮನೆಗಳಿಂದ ಹಾಲು ಸಂಗ್ರಹಿಸುವವಳು ಇವಳು. ಡಬ್ಬಿ ನೋಡಿದಳು. ಶಾರದಾಳ ಕೆಂಪು ಕಣ್ಣು ನೋಡಿದಳು. ಐಸ್ ತುಂಬಿದ ಫ್ಲಾಸ್ಕಿನಿಂದ ಎರಡು ಪುಟ್ಟ ಬಾಟಲಿ ತೆಗೆದು ಅತ್ತೆಯ ಮುಂದಿಟ್ಟಳು. ಒಂದರಲ್ಲಿ ಹಳದಿ ಹಾಲು, ಇನ್ನೊಂದರಲ್ಲಿ ತೆಳ್ಳನೆಯದು.

"ಈ ಹಳದಿದು ಹಡೆದು ಮೂರು ದಿನ ಆದಾಕಿದು. ಸಕ್ಕರಿ ಅಂಟಿಕೊಂಡ ಪ್ರೋಟೀನ್ ಇದರಾಗ ಭಾಳ. ಹಸಿಗೂಸಿಗೆ ರೋಗ ತಟ್ಟದಂಗ ಕಾಯತಾವ. ಆಮ್ಯಾಲ ವಾರ ವಾರ ಕಡಿಮಿ ಆಗ್ತಾವ್ರಿ, ಆದ್ರ ಪೂರಾ ಹೋಗಂಗಿಲ್ಲ. ಕೂಸು ಬೆಳದಂಗ ಹಾಲೂ ಬದಲಾಗ್ತದ. ಕೆಟ್ಟಿಲ್ಲ."

ಅತ್ತೆ ಒಪ್ಪುವವರೇ? ತೆಳ್ಳನೆಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದ್ಯಾರ ಹಾಲವ್ವಾ? ಪಾಪ, ಆಕಿ ಕೂಸಿನ ಗತಿ?"

"ನಂದರಿ, ಅವ್ವಾರ."

ಅತ್ತೆ ಪೆಚ್ಚಾದರು. ಮೆಹರುನ್ನಿಸಾಳ ನಾಲ್ಕು ತಿಂಗಳ ಮಗಳನ್ನು ದಿನಾ ಸಂಜೆ ಮಡಿಲಲ್ಲಿ ಕೂರಿಸಿಕೊಂಡು, ಕೆನ್ನೆ ಹಿಂಡಿ, 'ಗುಂಡವ್ವ' ಎಂದು ಹೆಸರಿಟ್ಟವರು ಇವರೇ!

ಶಾರದಾ ಅಳುತ್ತಲೇ ನಕ್ಕಳು. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಪರದೆಯ ಆಚೆ ಹೋದಳು. ನಾನು ಸ್ಟೋವ್ ಆರಿಸಿದೆ. (ಮರುದಿನ ಡಾಕ್ಟರೂ ಮಗುವಿನ ತೂಕ ನೋಡಿ, ಚೆನ್ನಾಗಿ ಬೆಳೆಯುತ್ತಿದ್ದಾನೆ, ಎದೆಹಾಲೇ ಸಾಕು ಎಂದರು.)

ಅತ್ತೆ ಅಂದು ಮಧ್ಯಾಹ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಹೇಳಿದರು: "ನೀ ಹುಟ್ಟಿದಾಗ ಮೂರು ದಿನ ಆ ಹಳದಿ ಹಾಲು ಹಿಂಡಿ ಚೆಲ್ಲಿದ್ನವ್ವಾ, ಶಾರಿ. ಕೆಟ್ಟದ್ದಂತ ಎಲ್ಲಾರೂ ಹೇಳಿದ್ರು."

"ಇರಲಿ ಬಿಡವ್ವಾ, ಬೆಳದೀನಲ್ಲ," ಎಂದಳು ಶಾರದಾ, ತಲೆಯನ್ನು ತಾಯಿಯ ಮೊಣಕಾಲಿಗೆ ಆನಿಸಿ.

ನೀವೇ ಹೇಳಿ, ಗೊತ್ತಿಲ್ಲದ್ದನ್ನೆಲ್ಲ ಕೆಟ್ಟದ್ದು ಎನ್ನಲು ನಮಗೆ ಯಾಕಿಷ್ಟು ಅವಸರ?